ಮಾರಿಕಣಿವೆ ನೀರಿಗೆ ‘ಬರ್ತೀನಿ’ ಅಂದದ್ದು

ದೆವ್ವ, ಪಿಶಾಚಿಗಳನ್ನು ನಾನು ನಂಬಿದವನಲ್ಲ. ಹೆದರಲು ನನಗೆ ಬಿ.ಪಿ., ಮಂಡಿನೋವು, ಗ್ಯಾಸ್ ಸಿಲಿಂಡರಿನ ವಾಸನೆ ಇಷ್ಟೇ ಸಾಕಾಗಿತ್ತು. ಪಟ್ಟಿಗೆ ಹೊಸದನ್ನು ಸೇರಿಸುವ ತ್ರಾಣ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿ ಫೋನಿನಲ್ಲಿ ಒಂದು ವಿಡಿಯೊ ನೋಡಿದಳು. ಫ್ರಾನ್ಸಿನಲ್ಲಿ ಯಾರೋ ಹಳೆಯ ಸರಕು ದೋಣಿಯಲ್ಲಿ ಕೂತು, ಕಾಲುವೆ ಹಿಡಿದು ಹಳೆಯ ಊರುಗಳನ್ನು ನೋಡುತ್ತ ಹೋಗುತ್ತಿದ್ದರು. ‘ನಮಗೂ ಮಾರಿಕಣಿವೆ ಡ್ಯಾಮ್ ಐತಲ್ಲ, ಹೋಗಾಣ’ ಎಂದಳು. ಚಿತ್ರದುರ್ಗದಲ್ಲಿ ಹತ್ತಿ, ಹೊಸದುರ್ಗದಲ್ಲಿ ಬಸ್ಸು ಬದಲಿಸಿ, ಮಾಡದಕೆರೆ ಕಡೆಯ ಹಿನ್ನೀರು ಮುಟ್ಟುವಷ್ಟರಲ್ಲಿ ನಾನು ಸುಸ್ತಾಗಿದ್ದೆ. ನನಗೆ ಈಜು ಬಾರದು ಎಂಬುದನ್ನು ದಾರಿಯಲ್ಲಿ ನಾಲ್ಕು ಸಲ ನೆನಪಿಸಿದ್ದೆ.

ಮೀನು ಹಿಡಿಯುವ ಬಾಷಾ ಸಾಬರು ತಮ್ಮ ಹಳೆ ತೆಪ್ಪಕ್ಕೆ ನಮ್ಮನ್ನು ಹತ್ತಿಸಿಕೊಂಡರು. ‘ಸುಮ್ಕೆ ನಡುವೆ ಕುಂತ್ಕಳ್ರಿ ಸಾರ್. ತೆಪ್ಪ ಹಳೇದಾದ್ರೂ ನಿಮ್ಮಷ್ಟು ನಡುಗಲ್ಲ.’ ಹೆಂಡತಿ ನಕ್ಕಳು.

ದಂಡೆಯ ಎರಡು ಹಳೆಯ ಊರು ನೋಡಿದೆವು. ಮೂರನೆಯದು ನೀರಿನಡಿಯಲ್ಲಿತ್ತು, ಅಣೆಕಟ್ಟೆ ಕಟ್ಟಿದಾಗ ಮುಳುಗಿದ್ದು. ಒಂದು ಕಲ್ಲುಕಂಬದ ತುದಿ ಮಾತ್ರ ಮೇಲೆ ಕಾಣುತ್ತಿತ್ತು. ಮಧ್ಯಾಹ್ನ ಮೂರರ ಬಿಸಿಲು. ಸುತ್ತ ಒಂದು ನರಪಿಳ್ಳೆಯೂ ಇಲ್ಲ.

ತೆಪ್ಪ ಹಿಂದಕ್ಕೆ ತಿರುಗಿದಾಗ, ಯಾರದೋ ಮನೆಯ ಜಗಲಿಯಿಂದ ಎದ್ದವನ ಹಾಗೆ, ಕಂಬದ ಕಡೆ ನೋಡಿ ‘ಬರ್ತೀನ್ರಿ’ ಎಂದುಬಿಟ್ಟೆ. ಹೊರಡುವಾಗ ನಾವು ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲವಲ್ಲ, ಬಾಯಿಗೆ ಅಭ್ಯಾಸ.

‘ಹ್ಞೂ, ಬರ್ರಿ.’

ಮುದುಕಿಯ ದನಿ. ಒಲೆ ಮುಂದೆ ಕೂತವರು ತಿರುಗಿ ನೋಡದೆ ಹೇಳಿದ ಹಾಗಿತ್ತು. ‘ನೀನಾ?’ ಎಂದೆ. ಹೆಂಡತಿ ಅಲ್ಲವೆಂದು ತಲೆಯಾಡಿಸಿದಳು, ಅವಳಿಗೂ ಕೇಳಿಸಿತ್ತು. ಬಾಷಾ ಸಾಬರು ಹುಟ್ಟು ನಿಲ್ಲಿಸಲಿಲ್ಲ. ದಡ ಮುಟ್ಟಿದ ಮೇಲಷ್ಟೇ ಬಾಯಿ ಬಿಟ್ಟರು. ‘ಅಲ್ಲಿಂದ ಹೊರಡುವಾಗ ನಾವು ಮಾತೇ ಆಡಲ್ಲ. ನೀವು ಬರ್ತೀನಿ ಅಂದ್‌ಬಿಟ್ರಿ.’

‘ಅಂದ್ರೆ ಏನಾಗ್ತೈತೆ?’

‘ನಂಗೇನು ಗೊತ್ತು ಸಾರ್. ನಾನು ಯಾವತ್ತೂ ಅಂದಿಲ್ಲ.’

ನೀರಿನ ಮೇಲೆ ದನಿ ಬಲುದೂರ ಸಾಗುತ್ತದಂತೆ. ಎಲ್ಲೋ ದಂಡೆಯಲ್ಲಿ ಕುರಿ ಮೇಯಿಸುವ ಅಜ್ಜಿ ಇನ್ನಾರಿಗೋ ಹೇಳಿರಬಹುದು. ಹಾಗೆಂದು ನಂಬಲು ಹೆಣಗಿ ಹೆಣಗಿ ದಣಿದಿದ್ದೇನೆ. ಮತ್ತೆ ಆ ಕಡೆ ಹೋಗಿಲ್ಲ. ಕೊಟ್ಟ ಮಾತು ಅಲ್ಲೇ ಇದೆ.

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು ಎನ್ನುತ್ತಿದ್ದವಳು ನನ್ನ ಹೆಂಡತಿಯೇ. ಈಗ ನಾನು ‘ಬರ್ತೀನಿ’ ಎಂದರೆ ಸಾಕು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಾಳೆ.

‘ಎಲ್ಲಿಗೆ ಬರ್ತೀರಿ?’

‘ಮನೆಗೆ’ ಎಂದು ಬಿಡಿಸಿ ಹೇಳಿದ ಮೇಲೆಯೇ ಮೆಟ್ಟಿಲಿಳಿಯುತ್ತೇನೆ.