ಅತ್ತೆ ಎತ್ತಿದ ಕೈ

ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ದೊಡ್ಡದೊಂದು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದವಳು. ಶನಿವಾರ ಸಂಜೆ ಅಲ್ಲಿಯ ಸೂಪರ್‌ವೈಸರ್ ಹಲ್ಲು ಕಿರಿದು, "ನಾಳೆ ಕೆಲಸ ವಾಲಂಟರಿ. ಇಷ್ಟ ಇದ್ದೋರು ಮಾತ್ರ ಬನ್ನಿ" ಅನ್ನುತ್ತಿದ್ದ. ಬಾರದವರಿಗೆ ಸೋಮವಾರದಿಂದ ಒದ್ದೆ ಕಂಬಳಿ ಎತ್ತಿಹಾಕುವ ಕೆಲಸ. ಇಷ್ಟವಂತೆ, ಇಷ್ಟ! ಅವನ ತಲೆ. ಮಾತು ಮುಗಿಯುವ ಮೊದಲೇ ಅತ್ತೆಯ ಕೈ ಮೇಲೆ ಹೋಗಿರುತ್ತಿತ್ತು.

ಅಪ್ಪನ ಎರಡೂ ಕಿಡ್ನಿ ಹಾಳಾದಾಗ ನಮ್ಮ ಮನೆಯಲ್ಲೂ ಅದೇ ಆಯಿತು. ಆಸ್ಪತ್ರೆಯವರು ಮನೆಯವರೆಲ್ಲರನ್ನೂ ಪರೀಕ್ಷಿಸಿ, ಹೊಂದುವುದು ಅತ್ತೆಯ ಕಿಡ್ನಿ ಮಾತ್ರ ಅಂದರು. ಅವತ್ತು ಊಟಕ್ಕೆ ಕೂತಾಗ ಅಮ್ಮ ಅವಳ ತಟ್ಟೆಗೆ ಇನ್ನಷ್ಟು ಬಡಿಸಿ, "ಬಲವಂತ ಏನಿಲ್ಲಮ್ಮ, ನಿನ್ನಿಷ್ಟ" ಎಂದಳು. "ಹೌದ್ಹೌದು, ಎಲ್ಲಾ ವಾಲಂಟರಿ" ಎಂದು ದೊಡ್ಡಪ್ಪ ಒಗ್ಗರಣೆ ಹಾಕಿದರು. ಅತ್ತೆಯ ಎಡಗೈ ತಾನಾಗಿ ಎದ್ದಿತು. ಗೋಡೆಯ ಕಡೆ ತಿರುಗಿ ಮಲಗಿದ್ದ ಅಪ್ಪ ತುಟಿಪಿಟಕ್ಕೆನ್ನಲಿಲ್ಲ. ನನಗಂತೂ ಹೋದ ಜೀವ ಬಂದಂತಾಯಿತು.

ಆಪರೇಷನ್‌ಗೆ ಮುಂಚೆ ಡಾಕ್ಟರಮ್ಮ ಅತ್ತೆಯೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನಾವು ಹೊರಗೆ ಬೆಂಚಿನ ಮೇಲೆ, ಅಪ್ಪ ಗಾಲಿಕುರ್ಚಿಯಲ್ಲಿ. ಇಷ್ಟು ಹೊತ್ತು ಏನು ಕೇಳುವುದಿದೆ ಆ ಮಹಾತಾಯಿಗೆ?

ಬಾಗಿಲು ತೆರೆಯಿತು. "ಇವರ ಕಿಡ್ನಿ ತಗೊಳ್ಳೋಕಾಗಲ್ಲ" ಎಂದಷ್ಟೇ ಹೇಳಿ ಡಾಕ್ಟರಮ್ಮ ಒಳಗೆ ಹೋದರು. ಅಮ್ಮ ಬಾಯಿಗೆ ಕೈ ಒತ್ತಿಕೊಂಡಳು. ಅತ್ತೆ ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು.

"ಹೋಗ್ಲಿ ಬಿಡೇ, ನಿನ್ನ ಕೈಲೇನಿದೆ?" ಎಂದರು ಅಪ್ಪ.

ಅತ್ತೆಗೆ ತಡೆಯಲಾಗಲಿಲ್ಲ. "ನನ್ನ ಕೈಲೇ ಇತ್ತಣ್ಣ. ಬೇಡ ಅಂದ್ರೂ ಯಾರಿಗೂ ಹೇಳಲ್ಲ, ನಿಜ ಹೇಳಿ ಅಂದ್ರು ಅವ್ರು. ಬೇಡ ಅಂದ್ಬಿಟ್ಟೆ. ನಂಗೆ ಭಯ ಕಣೋ. ಮನೇಲಿ ಒಬ್ರೂ ನನ್ನ ಕೇಳ್ಲೇ ಇಲ್ವಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಸನ್ನೆ ಮಾಡಿ ತಡೆದರು.

"ಹೌದು, ನಾನೂ ಕೇಳ್ಲಿಲ್ಲ. ಕೇಳಿದ್ರೆ ಎಲ್ಲಿ ಇಲ್ಲ ಅಂತೀಯೋ ಅಂತ ಹೆದರ್ಕೊಂಡಿದ್ದೆ." ಅವರು ಗಾಲಿಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. "ಈಗ ಕೇಳ್ತೀನಿ. ಕೊಡ್ತೀಯೇನೇ?"

ಅತ್ತೆಯ ಎರಡೂ ಕೈ ಮಡಿಲಲ್ಲೇ ಇದ್ದವು. "ಯೋಚ್ನೆ ಮಾಡಿ ಹೇಳ್ತೀನಿ" ಎಂದಳು.

"ಆಗ್ಲಿ" ಎಂದರು ಅಪ್ಪ.

ನಾನು ಆ ಕೈಗಳನ್ನೇ ನೋಡುತ್ತ ಕೂತೆ. ಎತ್ತು ಅತ್ತೆ, ಎತ್ತು ಎಂದು ಕೂಗಬೇಕೆನ್ನಿಸಿತು. ಅಪ್ಪನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.