ಮಾಡಿದ ಕೈ ಗೊತ್ತಿರಬೇಕು

ನಮ್ಮ ಸೋದರತ್ತೆಯ ಮೂಗಿನ ತುದಿಗೆ ಸದಾ ದಿನಪತ್ರಿಕೆಯ ಮಸಿ ಅಂಟಿರುತ್ತಿತ್ತು. ಕಣ್ಣು ಮಂಜಾದ ಮೇಲೆ ಅವರು ಹಾಳೆಯನ್ನು ಮುಖಕ್ಕೆ ಒತ್ತಿಕೊಂಡೇ ಓದುತ್ತಿದ್ದರು. ಸೇಡಂನ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮಡಿಯಲ್ಲಂತೂ ಭಾರಿ ಕಟ್ಟುನಿಟ್ಟು. ಹೈದರಾಬಾದಿನವರೆಗೆ ಬಸ್ಸಿನಲ್ಲಿ ಹೋದರೂ ದಾರಿಯಲ್ಲಿ ಒಂದು ಗುಟುಕು ಚಹಾ ಮುಟ್ಟುವವರಲ್ಲ. ಯಾರದೇ ಮನೆಯಲ್ಲಿ ಎಲೆ ಹಾಕಿದರೂ, "ಅಡಿಗಿ ಯಾರು ಮಾಡ್ಯಾರ?" ಎಂದು ಕೇಳಿಯೇ ಕೂರುವರು.

ಕಡೆಗೆ ಮೂಗಿಗೆ ತಾಗಿಸಿದರೂ ಅಕ್ಷರ ಕಾಣದಾಯಿತು. "ಓದೂದೇ ಇಲ್ಲಂದ್ರ ನಾ ಇದ್ದು ಏನು ಮಾಡ್ಲಿ?" ಎಂದು ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟರು. ನನಗಂತೂ ನೋಡಲಾಗಲಿಲ್ಲ.

ಆಗ ಅತ್ತೆಯ ಹಳೆಯ ವಿದ್ಯಾರ್ಥಿನಿ, ಚಿಮ್ಮನಚೋಡದವಳೊಬ್ಬಳು, ತಾನೇ ಮಾಡಿದ ಆ್ಯಪ್ ತಂದಳು. ಪುಟದ ಮೇಲೆ ಫೋನ್ ಹಿಡಿದರೆ ಅದು ಕನ್ನಡವನ್ನು ಗಟ್ಟಿಯಾಗಿ ಓದುತ್ತಿತ್ತು. ಆದರೆ ಅದು ಫೋನಿನ ಪ್ಲೇ ಸ್ಟೋರಿನಲ್ಲಿ ಇರಲಿಲ್ಲ. ಹಾಕಲು ಹೋದರೆ, ಹಾನಿಕಾರಕ ಇರಬಹುದೆಂದು ಫೋನೇ ತಡೆಯಿತು.

"ಬ್ಯಾಡ ಅತ್ತಿ, ಹೊರಗಿಂದು ಹಾಕ್ಕೊಂಡು ಭಾಳ ಮಂದಿ ಮೋಸ ಹೋಗ್ಯಾರ," ಎಂದೆ.

"ಸ್ಟೋರಿನ್ಯಾಗ ಇದ್ದದ್ದು ಮಾಡಿದವರ ಮುಖ ನೀ ನೋಡೀಯೇನು? ಈಕಿ ಕೈ ಹಿಡದು ನಾನೇ ಅ ಆ ಬರಸೀನಿ."

ಹಾಗೆಂದು ಶಿಷ್ಯೆಯನ್ನೂ ಸುಮ್ಮನೆ ಬಿಡಲಿಲ್ಲ. "ನನ್ನ ಫೋನಿನ್ಯಾಗ ಇದು ಏನೇನು ಮುಟ್ತದ?"

"ಕ್ಯಾಮೆರಾರೀ ಟೀಚರ್. ಮತ್ತ ಫೋನಿನ್ಯಾಗಿನ ಮಂದಿ ನಂಬರ್."

"ಓದ್ಲಿಕ್ಕ ನಮ್ಮ ಮಂದಿ ನಂಬರ್ ಯಾಕ ಬೇಕು?"

ಆಕೆ ತಬ್ಬಿಬ್ಬಾದಳು. "ಹೌದಲ್ರೀ, ಬೇಕಾಗಂಗಿಲ್ಲ."

"ಹಂಗಿದ್ರ ಅದನ್ನ ತಗದು ತಗೊಂಡ್ ಬಾ."

ಮುಂದಿನ ವಾರ ಆಕೆ ತೆಗೆದು ತಂದಳು. ಅತ್ತೆ ಆಮೇಲೆಯೇ ಹಾಕಿಸಿಕೊಂಡರು. ಓದುವ ಹಸಿವು ಅಷ್ಟಿದ್ದೂ ಒಂದು ವಾರ ಕಾದ ಆ ಜೀವಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಇನ್ನೊಮ್ಮೆ ಕಾಳಗಿಯ ಬೀಗರ ನಂಬರಿನಿಂದ ಮದುವೆಯ ಕರೆಯೋಲೆಯೆಂದು ಒಂದು ಆ್ಯಪ್ ಬಂತು. ಅತ್ತೆಗೆ ಓದಿ ಹೇಳಿ, ನಮ್ಮವರದ್ದೇ ಎಂದು ನಾನು ಒತ್ತುವುದರಲ್ಲಿದ್ದೆ.

"ತಡಿಯೋ! ಅವರು ಮನಿಗೆ ಬಂದು ಅಕ್ಷತಿ ಕೊಡದೇ ಲಗ್ನಕ್ಕ ಕರಿಯೋ ಮಂದಿ ಅಲ್ಲ. ಮೊದಲ ಫೋನ್ ಹಚ್ಚು."

ಹಚ್ಚಿದೆ. ಅವರ ಮನೆಯಲ್ಲಿ ಮದುವೆಯೇ ಇರಲಿಲ್ಲ. ಯಾರೋ ಕಳ್ಳರು ಅವರ ಫೋನಿಗೆ ಕನ್ನ ಹಾಕಿದ್ದರು. ಕಣ್ಣು ಕಾಣದ ಅತ್ತೆಗೆ ಕಂಡದ್ದು ನನಗೆ ಕಂಡಿರಲಿಲ್ಲ.

ಹೋದ ವರ್ಷ ಕಲಬುರಗಿಯ ಆಸ್ಪತ್ರೆಯಲ್ಲೂ ಅವರ ಓದು ನಡೆದೇ ಇತ್ತು. ಪಕ್ಕದ ಹಾಸಿಗೆಯವರೂ ಕಿವಿಗೊಡುತ್ತಿದ್ದರು. ಒಂದು ದಿನ ಬೆಳಿಗ್ಗೆ ನಾನು ಒಂದು ಕಥೆಯ ಮೇಲೆ ಫೋನ್ ಹಿಡಿದಿದ್ದೆ. ನಡುವೆ ಅತ್ತೆಯ ಕೈ ತಣ್ಣಗಾಯಿತು. ನರ್ಸ್ ಬಂದು ನಾಡಿ ನೋಡಿ, ಇಲ್ಲವೆಂದು ತಲೆಯಾಡಿಸಿದರು. ಫೋನ್ ಓದುತ್ತಲೇ ಇತ್ತು. ಅರ್ಧಕ್ಕೆ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಕಥೆ ಮುಗಿಯುವವರೆಗೂ ಪುಟ ತಿರುಗಿಸುತ್ತ ಕುಳಿತೆ.