ಏಳು ಕ್ಲಬ್ಬುಗಳ ಕಾರ್ಯದರ್ಶಿ

ಬೆಳಗ್ಗೆ ಕಚೇರಿಗೆ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಒಕ್ಕೂಟದ ಕಾರ್ಯದರ್ಶಿಗಳು ಫೋನು ಎತ್ತಿ, ಸರೋವರದ ಸುತ್ತಲಿನ ಏಳು ಹಾಯಿದೋಣಿ ಕ್ಲಬ್ಬುಗಳಿಗೂ ಒಂದೇ ಪ್ರಶ್ನೆ ಕೇಳುತ್ತಾರೆ: "ಎಷ್ಟು ದೋಣಿ ಹೊರಟವು?" ಸಂಜೆ ಮತ್ತೆ, "ಎಷ್ಟು ಬಂದವು?" ಮೈ ಸುಡುವ ಜ್ವರದಲ್ಲೂ, ಮಗಳ ಮದುವೆಯ ದಿನವೂ ಇದು ತಪ್ಪಿಲ್ಲ. "ಬೀಗರ ಎದುರಿಗೇ ದೋಣಿ ಎಣಿಸ್ತಾ ಕೂತಿದ್ರಲ್ಲ, ನನ್ನ ಮಾನ ಹೋಯ್ತು," ಎಂದು ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾರೆ. ಎರಡು ಪಂದ್ಯಗಳ ದಿನಾಂಕ ಒಂದೇ ಆದರೆ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿ, ರಾಜಿಯಾಗುವ ತನಕ ಚಹಾ ತರಿಸುವುದಿಲ್ಲ. "ಈ ಒಕ್ಕೂಟ ಯಾಕೆ ಬೇಕು ಸಾರ್?" ಎಂದು ಹೊಸಬರು ಕೇಳಿದರೆ, "ಜಗಳ ಆಡೋಕೆ ಒಂದು ಜಾಗ ಬೇಡವೇನಪ್ಪಾ?" ಎಂದು ನಗುತ್ತಾರೆ. ನಿಜವಾದ ಉತ್ತರವನ್ನು ದೇವರ ಮುಂದೆ ಬಿಟ್ಟರೆ ಬೇರೆಲ್ಲೂ ಆಡುವುದಿಲ್ಲ. ಒಕ್ಕೂಟವಿಲ್ಲದ ಕಾಲದಲ್ಲಿ ಎರಡು ಕ್ಲಬ್ಬುಗಳು ಹಟಕ್ಕೆ ಬಿದ್ದು ಒಂದೇ ದಿನ ಪಂದ್ಯ ಇಟ್ಟಿದ್ದವು. ಬಿರುಗಾಳಿಗೆ ಒಂದು ದೋಣಿ ಮಗುಚಿತು. ಅದು ಆಚೆಯವರದ್ದೆಂದು ಈಚೆಯವರೂ, ಈಚೆಯವರದ್ದೆಂದು ಆಚೆಯವರೂ ದಡದಲ್ಲೇ ನಿಂತರು. ಮುಳುಗಿದವನು ಕಾರ್ಯದರ್ಶಿಗಳ ತಮ್ಮ. ಮರುವರ್ಷವೇ ಇವರು ಏಳು ದಡಗಳನ್ನೂ ಅಲೆದು, ಎಲ್ಲರ ಕೈಕಾಲು ಹಿಡಿದು ಒಕ್ಕೂಟ ಕಟ್ಟಿದರು. ಮೊನ್ನೆ ಏಳೂ ಕ್ಲಬ್ಬುಗಳು ಸೇರಿ ಹೊಸ ರಕ್ಷಣಾ ದೋಣಿ ತಂದಾಗ ಒಕ್ಕೂಟದ ಅಧ್ಯಕ್ಷೆ, "ಇದಕ್ಕೆ ನಿಮ್ಮ ತಮ್ಮನ ಹೆಸರು ಇಡೋಣ ಅಣ್ಣಾ," ಎಂದರು. ಕಾರ್ಯದರ್ಶಿಗಳು ದೋಣಿಯ ಬಿಳಿ ಮೈಯನ್ನು ಸವರಿದರು. "ಬೇಡಮ್ಮ. ಅವನು ನಮ್ಮ ಕ್ಲಬ್ಬಿನವನು. ಹೆಸರು ಬರೆದ್ರೆ ದೋಣಿ ನಮ್ಮೊಬ್ಬರದ್ದೇ ಆಗಿಬಿಡುತ್ತೆ."